ಕ್ರಯಪತ್ರ ಬರೆದ ಕೈ

ನ್ಯೂಜೆರ್ಸಿಯ ಬರ್ಲಿಂಗ್ಟನ್ ಕೌಂಟಿಯಲ್ಲಿ ಮೌಂಟ್ ಹಾಲಿ ಎಂಬ ಚಿಕ್ಕ ಊರಿದೆ. ಸುಮಾರು 280 ವರ್ಷಗಳ ಹಿಂದೆ ಆ ಊರಿನ ಅಂಗಡಿಯೊಂದರಲ್ಲಿ ಜಾನ್ ವುಲ್ಮನ್ ಎಂಬ ಯುವಕ ಗಿರಾಕಿಗಳನ್ನು ನೋಡಿಕೊಂಡು ಲೆಕ್ಕ ಬರೆಯುವ ಕೆಲಸದಲ್ಲಿದ್ದ. ವಯಸ್ಸು ಇಪ್ಪತ್ತೊಂದು ದಾಟಿತ್ತು. ಒಂದು ದಿನ ಮಾಲೀಕ ಅವನನ್ನು ಕರೆದು ಒಂದು ಕ್ರಯಪತ್ರ ಬರೆದುಕೊಡು ಎಂದ. ಮಾರಾಟವಾಗುತ್ತಿದ್ದದ್ದು ಜಮೀನೂ ಅಲ್ಲ, ದನವೂ ಅಲ್ಲ. ಮಾಲೀಕನ ವಶದಲ್ಲಿದ್ದ ಆಫ್ರಿಕನ್ ಮೂಲದ ಒಬ್ಬ ಹೆಂಗಸು. ಕೊಳ್ಳುವವನು ಅಲ್ಲೇ ಕಾಯುತ್ತಿದ್ದ. ಅವನು ವಯಸ್ಸಾದವನು, ವುಲ್ಮನ್ ಸೇರಿದ್ದ ಕ್ರೈಸ್ತ ಸಭೆಗೇ ಸೇರಿದವನು. ವುಲ್ಮನ್‌ಗೆ ಹಿಂಸೆಯಾಯಿತು. ಆದರೆ ತಾನು ವರ್ಷದ ಸಂಬಳಕ್ಕೆ ಸೇರಿದ ಆಳು, ಹೇಳುತ್ತಿರುವವನು ಯಜಮಾನ, ಕೊಳ್ಳುತ್ತಿರುವವನು ಹಿರಿಯ. ಅವನು ಬರೆದುಕೊಟ್ಟ. ಬರೆದಾದ ಮೇಲೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲ ಎಂದು ತನಗೆ ಅನ್ನಿಸುತ್ತದೆ ಎಂದು ಇಬ್ಬರ ಎದುರೂ ಹೇಳಿದ. ಅದರಿಂದ ಮನಸ್ಸು ಸ್ವಲ್ಪ ಹಗುರವಾಯಿತು, ಪೂರ್ತಿ ಆಗಲಿಲ್ಲ.

ವೃತ್ತಿಯಿಂದ ನಾನು ಚಾರ್ಟರ್ಡ್ ಅಕೌಂಟೆಂಟ್. ಇತಿಹಾಸ ನನ್ನ ಓದಿನ ವಿಷಯವಾಗಿರಲಿಲ್ಲ; ಬಿ.ಕಾಂ. ಮುಗಿಸಿ ಸಿ.ಎ. ಮಾಡಿದವನು. ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ, ನಾನಿರುವ ರಾಜ್ಯದ ಹಳೆಯ ಕಥೆಗಳನ್ನು ಓದುತ್ತ ಹೋದಾಗ ವುಲ್ಮನ್ ಸಿಕ್ಕಿದ. ಸಂತರ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಲೆಕ್ಕ ಬರೆಯುವವನೊಬ್ಬ, ತನ್ನ ಮೇಜಿನ ಮೇಲೆ ಬಂದ ಕಾಗದದಿಂದಲೇ ಪರಿಶುದ್ಧತೆಯ ಪ್ರಶ್ನೆಗೆ ಎದುರಾದದ್ದನ್ನು ಮೊದಲ ಬಾರಿಗೆ ಓದಿದ್ದು ಅಲ್ಲಿ. ಅದು ನನ್ನನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಪರಿಶುದ್ಧತೆ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮಡಿ. ಮೀಸಲಾಗಿಡುವುದು, ಮುಟ್ಟದಿರುವುದು, ದೂರ ನಿಲ್ಲುವುದು. ನಾನು ಬೆಳೆದದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತ ಮನೆಯಲ್ಲಿ. ನಮ್ಮಲ್ಲಿ ಮಡಿ ಇರಲಿಲ್ಲ, ಆದರೆ ಅದರ ನೆರಳು ಇತ್ತು. ಭಾನುವಾರದ ಬಟ್ಟೆ ಬೇರೆ, ಭಾನುವಾರದ ಮಾತು ಬೇರೆ. ಅಜ್ಜಿ ಸತ್ಯವೇದದ ಮೇಲೆ ಬೇರೆ ಪುಸ್ತಕ ಇಡಲು ಬಿಡುತ್ತಿರಲಿಲ್ಲ. ಪರಿಶುದ್ಧವಾದದ್ದು ಅಂದರೆ ಉಳಿದವುಗಳಿಂದ ಬೇರೆಯಾಗಿ, ಮೇಲೆ ಇರುವುದು ಎಂದೇ ನಾನು ತಿಳಿದಿದ್ದೆ.

ಹಾಗೆ ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ಹೀಬ್ರೂ ಭಾಷೆಯಲ್ಲಿ ಪರಿಶುದ್ಧತೆಗೆ ಇರುವ ಪದದಲ್ಲಿ ಬೇರ್ಪಡಿಸಿದ್ದು, ಮೀಸಲಾದದ್ದು ಎಂಬ ಅರ್ಥ ಇದೆ. ಆದರೆ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಲೆಕ್ಕಿಗನ ಕಣ್ಣಿನಿಂದ ಓದಿ ನೋಡಬೇಕು. ದೇವರು ಪರಿಶುದ್ಧನಾಗಿರುವಂತೆ ಜನರೂ ಪರಿಶುದ್ಧರಾಗಿರಬೇಕು ಎಂಬ ಆಜ್ಞೆಯಿಂದ ಆ ಅಧ್ಯಾಯ ಶುರುವಾಗುತ್ತದೆ. ಇನ್ನು ಬರುವುದೆಲ್ಲ ಧೂಪ ದೀಪಗಳ ವಿಷಯ ಎಂದುಕೊಂಡರೆ, ಬರುವುದು ಬಹುಮಟ್ಟಿಗೆ ಸಂತೆಯ ವಿಷಯ, ಹೊಲದ ವಿಷಯ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೆ, ಪರದೇಶಿಗಳಿಗೆ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು. ಕಿವುಡರನ್ನು ಶಪಿಸಬಾರದು, ಕುರುಡರ ದಾರಿಯಲ್ಲಿ ಎಡವುವಂಥದ್ದನ್ನು ಇಡಬಾರದು. ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ಸರಿಯಾಗಿರಬೇಕು. ಆರ್ಟಿಕಲ್‌ಶಿಪ್‌ನಲ್ಲಿ ನಾವು ಕಲಿಯುವುದರ ಮುಕ್ಕಾಲು ಪಾಲು ಅಲ್ಲಿದೆ. ಹೊಸ ಒಡಂಬಡಿಕೆಗೆ ಬಂದರೆ, ಪೌಲನು ತನ್ನ ಪತ್ರಗಳಲ್ಲಿ ಸಾಧಾರಣ ಸಭಿಕರನ್ನೇ ಪರಿಶುದ್ಧರು ಎಂಬ ಅರ್ಥದ ಮಾತಿನಿಂದ ಕರೆಯುತ್ತಾನೆ. ನಮ್ಮ ಹಳೆಯ ಕನ್ನಡ ಸತ್ಯವೇದ ಅದನ್ನು ‘ದೇವಜನರು’ ಎಂದಿತು. ಅವರಲ್ಲಿ ವ್ಯಾಪಾರಿಗಳಿದ್ದರು, ಆಳುಗಳಿದ್ದರು, ಗುಡಾರ ಹೊಲಿಯುವವರಿದ್ದರು. ಪೌಲನೂ ಗುಡಾರ ಮಾಡಿ ಜೀವನ ಸಾಗಿಸಿದವನೇ.

ವುಲ್ಮನ್ ಸೇರಿದ್ದ ಸಭೆ ಈ ಮಾತನ್ನು ಅಕ್ಷರಶಃ ನಂಬಿದ ಸಭೆ. ಅವರ ಹೆಸರು ಸ್ನೇಹಿತರ ಸಂಘ. ಜನ ಕರೆದದ್ದು ಕ್ವೇಕರ್ ಎಂದು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನಿಂದ ಶುರುವಾದ ಪಂಥ. ಅವರಲ್ಲಿ ಪೀಠವಿಲ್ಲ, ಪಾದ್ರಿಯಿಲ್ಲ, ದೀಕ್ಷಾಸ್ನಾನದ ನೀರೂ ಇಲ್ಲ, ಪ್ರಭುಭೋಜನದ ರೊಟ್ಟಿಯೂ ಇಲ್ಲ. ಎಲ್ಲರೂ ಬೆಂಚುಗಳ ಮೇಲೆ ಸುಮ್ಮನೆ ಕುಳಿತಿರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಪವಿತ್ರ ಸ್ಥಳ, ಪವಿತ್ರ ದಿನ, ಪವಿತ್ರ ವಸ್ತು ಎಂದು ಬೇರೆ ಮಾಡದೆ ಹೋದರೆ ಪರಿಶುದ್ಧತೆ ಎಲ್ಲಿರಬೇಕು? ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಪತ್ರವ್ಯವಹಾರದಲ್ಲಿ ಇರಬೇಕು.

ಅದರಿಂದ ಬಂದ ಒಂದು ಪದ್ಧತಿ ಇಂದು ನಮಗೆಲ್ಲ ಸಾಮಾನ್ಯವಾಗಿದೆ: ಒಂದೇ ಬೆಲೆ. ಆಗಿನ ಇಂಗ್ಲೆಂಡಿನಲ್ಲೂ ನಮ್ಮ ಸಂತೆಯ ಹಾಗೆ ವ್ಯಾಪಾರಿ ಹೆಚ್ಚು ಹೇಳುವುದು, ಗಿರಾಕಿ ಕಡಿಮೆಗೆ ಕೇಳುವುದು ರೂಢಿ. ಹತ್ತು ಎಂದು ಹೇಳಿ ಏಳಕ್ಕೆ ಕೊಡುವವನು ಮೊದಲು ಸುಳ್ಳು ಹೇಳಿದ ಹಾಗಾಯಿತಲ್ಲ ಎಂಬುದು ಕ್ವೇಕರರ ತಕರಾರು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುವವನಿಗೆ ಬೆಲೆಯೂ ಒಂದೇ ಇರಬೇಕು. ಇದೇ ಕಾರಣಕ್ಕೆ ಅವರು ಕೋರ್ಟಿನಲ್ಲಿ ಪ್ರಮಾಣ ಮಾಡುತ್ತಿರಲಿಲ್ಲ. ಪ್ರಮಾಣ ಮಾಡಿದಾಗ ಮಾತ್ರ ಸತ್ಯ ಹೇಳುತ್ತೇನೆ ಎಂದಂತಾಗುತ್ತದೆ ಎಂದು. 1696ರಲ್ಲಿ ಇಂಗ್ಲೆಂಡಿನ ಸಂಸತ್ತು ಅವರಿಗಾಗಿ ಪ್ರಮಾಣದ ಬದಲು ದೃಢವಚನಕ್ಕೆ ಅವಕಾಶ ಕೊಟ್ಟಿತು. ಶುರುವಿನಲ್ಲಿ ಕ್ವೇಕರ್ ಅಂಗಡಿಗಳಿಗೆ ಜನ ಹೋಗಲಿಲ್ಲ. ಆಮೇಲೆ, ಮಗುವನ್ನು ಕಳಿಸಿದರೂ ಮೋಸವಾಗುವುದಿಲ್ಲ ಎಂದು ಗೊತ್ತಾಗಿ ಅಲ್ಲಿಗೇ ಹೋದರು ಎಂದು ಫಾಕ್ಸ್ ಬರೆದಿದ್ದಾನೆ. ನಂಬಿಕೆ ಬಂಡವಾಳವಾಯಿತು. ಇಂದಿನ ಬಾರ್ಕ್ಲೇಸ್ ಮತ್ತು ಲಾಯ್ಡ್ಸ್ ಬ್ಯಾಂಕುಗಳ ಮೂಲದಲ್ಲಿ ಕ್ವೇಕರ್ ಕುಟುಂಬಗಳಿವೆ. ನಮ್ಮ ವೃತ್ತಿಯವರೆಲ್ಲ ಬಲ್ಲ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯ ಎಡ್ವಿನ್ ವಾಟರ್‌ಹೌಸ್ ಹುಟ್ಟಿದ್ದೂ ಕ್ವೇಕರ್ ಮನೆಯಲ್ಲಿ.

ಆದರೆ ಇದೇ ಜನ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದ ವಿಲಿಯಂ ಪೆನ್ ಕೂಡ ಇಟ್ಟುಕೊಂಡಿದ್ದ. ತೂಕದ ಕಲ್ಲು ಸರಿಯಿತ್ತು, ತೂಗುತ್ತಿದ್ದದ್ದು ಏನನ್ನು ಎಂದು ಕೇಳಿಕೊಂಡಿರಲಿಲ್ಲ. ಕೇಳಿದವರು ಇರಲಿಲ್ಲ ಎಂದಲ್ಲ. 1688ರಲ್ಲೇ ಜರ್ಮನ್‌ಟೌನ್‌ನ ಕೆಲವರು ಲಿಖಿತ ಆಕ್ಷೇಪ ಸಲ್ಲಿಸಿದ್ದರು. ಅದನ್ನು ಮೇಲಿನ ಸಭೆಗೆ, ಅಲ್ಲಿಂದ ಇನ್ನೂ ಮೇಲಿನ ಸಭೆಗೆ ಕಳಿಸಿ ಬದಿಗಿಟ್ಟರು. 1738ರಲ್ಲಿ ಬೆಂಜಮಿನ್ ಲೇ ಎಂಬಾತ ಬರ್ಲಿಂಗ್ಟನ್‌ನಲ್ಲಿ ಸೇರಿದ್ದ ವಾರ್ಷಿಕ ಸಭೆಗೆ ಕೆಂಪು ರಸ ತುಂಬಿದ ಚೀಲವನ್ನು ಪುಸ್ತಕದೊಳಗೆ ಅಡಗಿಸಿಕೊಂಡು ಬಂದು, ಎಲ್ಲರೆದುರು ಕತ್ತಿಯಿಂದ ಅದನ್ನು ಇರಿದು, ಸುತ್ತ ಕುಳಿತವರ ಮೇಲೆ ‘ರಕ್ತ’ ಚಿಮ್ಮಿಸಿದ. ಅವನನ್ನು ಹೊರಗೆ ಹಾಕಿದರು. ವುಲ್ಮನ್‌ನ ದಾರಿ ಬೇರೆ. ಅವನು ಯಾರ ಮೇಲೂ ಏನೂ ಚಿಮ್ಮಿಸಲಿಲ್ಲ. ತನ್ನ ಕೈ ಯಾವ ಯಾವ ಕಾಗದದ ಮೇಲೆ ಓಡುತ್ತಿದೆ ಎಂದು ನೋಡಿಕೊಳ್ಳತೊಡಗಿದ.

ಆ ಮೊದಲ ಕ್ರಯಪತ್ರದ ಸ್ವಲ್ಪ ಕಾಲದ ನಂತರ ತನ್ನದೇ ಸಭೆಯ ಒಬ್ಬ ಯುವಕ ಅಂಥದ್ದೇ ಪತ್ರ ಬರೆದುಕೊಡಲು ಕೇಳಿದಾಗ ವುಲ್ಮನ್ ಆಗುವುದಿಲ್ಲ ಎಂದ. ಆ ಯುವಕನೂ, ನನಗೂ ಇದು ಅಷ್ಟು ಸರಿ ಅನ್ನಿಸುವುದಿಲ್ಲ, ಹೆಂಡತಿಗೆ ಉಡುಗೊರೆಯಾಗಿ ಬಂದದ್ದು ಎಂದು ತೆಗೆದುಕೊಂಡೆ ಎಂದನಂತೆ. ಊರಿನಲ್ಲಿ ಓದು ಬರಹ ಚೆನ್ನಾಗಿ ಬಲ್ಲವರು ಕಡಿಮೆ, ಹಾಗಾಗಿ ಉಯಿಲು ಬರೆಸಲೂ ಜನ ಅವನಲ್ಲಿಗೆ ಬರುತ್ತಿದ್ದರು. ಒಮ್ಮೆ ಪೆಟ್ಟು ಬಿದ್ದು ಮಲಗಿದ್ದ ನೆರೆಯವನೊಬ್ಬ ಕರೆಸಿದ. ಯಾವ ಮಗುವಿಗೆ ಏನು ಎಂದು ಹೇಳುತ್ತ ಹೋದವನು, ತನ್ನ ಗುಲಾಮ ಹುಡುಗಿ ಯಾರಿಗೆ ಸೇರಬೇಕು ಎಂಬುದನ್ನೂ ಹೇಳಿದ. ವುಲ್ಮನ್ ಆ ಒಂದು ಭಾಗ ಬಿಟ್ಟು ಉಳಿದೆಲ್ಲ ಬರೆದು, ಹಾಸಿಗೆಯ ಪಕ್ಕ ಕುಳಿತು ಓದಿ ಹೇಳಿದ. ಮನುಷ್ಯರನ್ನು ಗುಲಾಮರಾಗಿಸುವ ಕಾಗದ ನನ್ನಿಂದ ಬರೆಯಲಾಗದು, ಇಲ್ಲಿಯವರೆಗೆ ಬರೆದದ್ದಕ್ಕೆ ಹಣ ಬೇಡ, ಉಳಿದ ಭಾಗ ಬರೆಯುವುದರಿಂದ ನನ್ನನ್ನು ಬಿಟ್ಟುಬಿಡಿ ಎಂದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ನೆರೆಯವನು ಆಕೆಯನ್ನು ಬಿಡುಗಡೆ ಮಾಡಲು ಒಪ್ಪಿದ. ವುಲ್ಮನ್ ಉಯಿಲನ್ನು ಪೂರ್ತಿ ಮಾಡಿದ.

ಇಲ್ಲಿ ವಾದ ಗೆದ್ದ ಸಂಭ್ರಮವಿಲ್ಲ. ನನ್ನ ಗಮನ ಹೋದದ್ದು ಶುಲ್ಕ ಬೇಡವೆಂದ ಮಾತಿನ ಮೇಲೆ. ನಿರಾಕರಿಸುವವನು ನಿರಾಕರಣೆಯ ಖರ್ಚನ್ನು ತಾನೇ ಹೊರಬೇಕು ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ವುಲ್ಮನ್ ಸ್ವಂತ ಅಂಗಡಿ ಮಾಡಿಕೊಂಡಿದ್ದ. ಹೊಲಿಗೆ ಕಲಿತಿದ್ದರಿಂದ ಮೊದಲು ಗುಂಡಿ, ದಾರ, ಬಟ್ಟೆ ಮಾರಿದ, ಆಮೇಲೆ ಒಂದೊಂದೇ ಸಾಮಾನು ಸೇರಿಸಿದ. ವ್ಯಾಪಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ನಾವಾದರೆ ಎರಡನೆಯ ಅಂಗಡಿ ತೆಗೆಯುತ್ತಿದ್ದೆವು. ಅವನು ಚಿಂತೆಗೆ ಬಿದ್ದ. ಬೆಳೆದ ವ್ಯಾಪಾರ ಮನಸ್ಸನ್ನೆಲ್ಲ ತಿನ್ನುತ್ತಿತ್ತು. ಜೊತೆಗೆ ಗಿರಾಕಿಗಳು ಬೇಡದ್ದನ್ನೆಲ್ಲ ಸಾಲಕ್ಕೆ ಕೊಂಡು ಸಿಕ್ಕಿಬೀಳುವುದು ಅವನ ಕಣ್ಣಿಗೆ ಬೀಳುತ್ತಿತ್ತು. 1756ರ ಹೊತ್ತಿಗೆ ಗಿರಾಕಿಗಳಿಗೆ ಮುಂಚೆಯೇ ತಿಳಿಸಿ ಅಂಗಡಿಯನ್ನು ಕೈಬಿಟ್ಟ. ಹೊಲಿಗೆ ಮತ್ತು ಸೇಬಿನ ಗಿಡಗಳಲ್ಲೇ ಬದುಕು ಸಾಗಿಸಿದ. ಇದನ್ನು ಓದುವಾಗ ಕನ್ನಡದವರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಸುರಿದು ಬಾ ಎಂದ ಹೆಂಗಸು ಆಕೆ. ಕಲ್ಯಾಣಕ್ಕೂ ಮೌಂಟ್ ಹಾಲಿಗೂ ಆರು ಶತಮಾನಗಳ ಅಂತರ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೆ ಸಾಕು ಎಂಬ ಮಾತು ಕೆಲಸದ ಭಾಗವೇ ಎಂದು ಇಬ್ಬರಿಗೂ ಗೊತ್ತಿತ್ತು.

1757ರಲ್ಲಿ ವುಲ್ಮನ್ ಮೇರಿಲ್ಯಾಂಡ್, ವರ್ಜೀನಿಯಾ, ಉತ್ತರ ಕೆರೊಲಿನಾಗಳ ಕ್ವೇಕರ್ ಸಭೆಗಳಿಗೆ ಹೋದ. ಉಳಿದುಕೊಳ್ಳಬೇಕಾದದ್ದು ಗುಲಾಮರಿದ್ದ ಮನೆಗಳಲ್ಲೇ. ಅತಿಥಿಗೆ ಊಟ, ಹಾಸಿಗೆ ಬಿಟ್ಟಿ. ಆದರೆ ಯಾರ ದುಡಿಮೆಯ ಬಿಟ್ಟಿ? ಅವನು ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಗೆ ಒಯ್ದಿದ್ದ. ಹೊರಡುವಾಗ ದುಡಿದವರ ಕೈಗೆ ತಾನೇ ಕೊಡುತ್ತಿದ್ದ, ಇಲ್ಲವೆ ಕೊಡಿ ಎಂದು ಮನೆಯವರ ಕೈಗೆ ಕೊಡುತ್ತಿದ್ದ. ಮುಜುಗರದ ಕೆಲಸ, ಕೊಡುವವನಿಗೂ ಮುಜುಗರವೇ. ಆದರೂ ಕೊಟ್ಟ.

ಮುಂದೆ ಬಟ್ಟೆಯ ವಿಷಯ. ಬಣ್ಣ ಹಾಕುವುದು ಒಂದು ಕಣ್ಣಿನ ಸುಖಕ್ಕೆ, ಇನ್ನೊಂದು ಕೊಳೆ ಮುಚ್ಚುವುದಕ್ಕೆ ಎಂದು ಅವನಿಗೆ ಅನ್ನಿಸಿತು. ಕೊಳೆಯನ್ನು ಮುಚ್ಚುವುದಕ್ಕಿಂತ ತೊಳೆಯುವುದು ಮೇಲಲ್ಲವೆ? 1762ರ ಹೊತ್ತಿಗೆ ಬಣ್ಣವಿಲ್ಲದ ಬಟ್ಟೆ, ತುಪ್ಪಳದ ಸಹಜ ಬಣ್ಣದ ಟೋಪಿಗೆ ಬಂದ. ತಮಾಷೆಯೆಂದರೆ ಆಗ ಬಿಳಿ ಟೋಪಿ ಫ್ಯಾಷನ್ ಆಗಿತ್ತು, ಇವನೂ ಷೋಕಿಗೆ ಬಿದ್ದ ಎಂದು ಸಭೆಯ ಕೆಲವರು ಅವನಿಂದ ದೂರ ಸರಿದರು. ಇದೂ ಒಂದು ಬಗೆಯ ಮಡಿಯೇ. ಆದರೆ ನಮ್ಮ ಮಡಿ ನನ್ನನ್ನು ಯಾರು ಮುಟ್ಟಿದರು ಎಂದು ಕೇಳುತ್ತದೆ. ವುಲ್ಮನ್‌ನ ಮಡಿ, ನಾನು ಮುಟ್ಟುವ ವಸ್ತುವನ್ನು ಮಾಡುವಾಗ ಯಾರು ನೊಂದರು ಎಂದು ಕೇಳುತ್ತಿತ್ತು. ಕಬ್ಬಿನ ತೋಟಗಳ ಗುಲಾಮರನ್ನು ನೆನೆದು ಅವನು ಸಕ್ಕರೆಯನ್ನೂ ಬಿಟ್ಟ.

ಈ ಜೀವನದಲ್ಲಿ ನನ್ನ ವೃತ್ತಿಯವರು ಎರಡೆರಡು ಸಲ ಓದಬೇಕಾದ ಒಂದು ನಮೂದಿದೆ. ಹಿಂದೆ ವುಲ್ಮನ್ ಮತ್ತೊಬ್ಬರ ಜೊತೆ ಒಂದು ಉಯಿಲಿನ ನಿರ್ವಾಹಕನಾಗಿದ್ದ. ಆ ಆಸ್ತಿಯಲ್ಲಿ ಒಬ್ಬ ಆಫ್ರಿಕನ್ ಹುಡುಗನಿದ್ದ. ಮೂವತ್ತು ವರ್ಷ ತುಂಬುವ ತನಕ ದುಡಿಯಬೇಕೆಂಬ ಕರಾರಿನ ಮೇಲೆ ಇವರಿಬ್ಬರೂ ಅವನನ್ನು ಮಾರಿ ಹಣವನ್ನು ಆ ಆಸ್ತಿಯ ಲೆಕ್ಕಕ್ಕೆ ಸೇರಿಸಿದ್ದರು. ಮೊದಲ ಕ್ರಯಪತ್ರದ ಸಂಕಟ ಅನುಭವಿಸಿದವನೂ ಹೀಗೆ ಮಾಡಿದ್ದ ಎಂಬುದನ್ನು ಮರೆಯಬಾರದು. ಅವನು ತನ್ನ ಬರಹದಲ್ಲಿ ಮುಚ್ಚಿಡಲಿಲ್ಲ. ವರ್ಷಗಳ ನಂತರ ಅದು ಅವನನ್ನು ಕಾಡಿತು. ಆಗ ಕೂತು ಲೆಕ್ಕ ಹಾಕಿದ. ಬೇರೆ ಹುಡುಗರು ಇಪ್ಪತ್ತೊಂದಕ್ಕೆ ಸ್ವತಂತ್ರರಾಗುತ್ತಾರೆ. ಇವನಿಂದ ಕಿತ್ತುಕೊಂಡದ್ದು ಒಂಬತ್ತು ವರ್ಷ. ನಿರ್ವಾಹಕರು ಇಬ್ಬರು, ತನ್ನ ಪಾಲು ನಾಲ್ಕೂವರೆ ವರ್ಷ. ಆ ಕೊನೆಯ ನಾಲ್ಕೂವರೆ ವರ್ಷದ ದುಡಿಮೆಗೆ ನ್ಯಾಯವಾದ ಬೆಲೆಯನ್ನು ಕೊಂಡವನಿಗೆ ತಾನು, ತಾನು ಸತ್ತರೆ ತನ್ನ ವಾರಸುದಾರರು ಕೊಡುವುದಾಗಿ ಬಾಂಡ್ ಬರೆದುಕೊಟ್ಟ. ಹುಡುಗ ಅಷ್ಟು ಬೇಗ ಬಿಡುಗಡೆಯಾಗಲಿ ಎಂದು.

ಪಶ್ಚಾತ್ತಾಪಕ್ಕೆ ಕಣ್ಣೀರು ಸಾಕು ಎಂದು ನಮಗೆ ಅನ್ನಿಸುತ್ತದೆ. ಇಲ್ಲಿ ಒಂಬತ್ತನ್ನು ಎರಡರಿಂದ ಭಾಗಿಸಿದ ಪಶ್ಚಾತ್ತಾಪವಿದೆ. ಬರಲಿರುವ ಹೊಣೆಗೆ ಮುಂಚಿತವಾಗಿ ತೆಗೆದಿಡುವುದಕ್ಕೆ ನಾವು ಪ್ರಾವಿಷನ್ ಎನ್ನುತ್ತೇವೆ. ನಾನು ನೋಡಿದ ಪ್ರಾವಿಷನ್‌ಗಳಲ್ಲಿ ಇದಕ್ಕಿಂತ ಶುದ್ಧವಾದದ್ದು ಇನ್ನೊಂದಿಲ್ಲ.

1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಇಟ್ಟುಕೊಂಡ ಸದಸ್ಯರ ಮನೆಮನೆಗೆ ಹೋಗಿ ಮಾತಾಡಲು ಕೆಲವರನ್ನು ನೇಮಿಸಿತು. ಕೊಳ್ಳುವ ಮಾರುವ ಸದಸ್ಯರನ್ನು ಸಭೆಯ ವ್ಯವಹಾರದಿಂದ ಹೊರಗಿಡಲೂ ಒಪ್ಪಿತು. ಮನೆಮನೆಗೆ ಹೋದವರಲ್ಲಿ ವುಲ್ಮನ್ ಒಬ್ಬ. 1776ರಲ್ಲಿ, ದೇಶ ಸ್ವಾತಂತ್ರ್ಯ ಘೋಷಿಸಿದ ವರ್ಷವೇ, ಅದೇ ಸಭೆ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ವುಲ್ಮನ್ ಅದನ್ನು ನೋಡಲಿಲ್ಲ. 1772ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿದ್ದ. ಹಡಗಿನ ಕ್ಯಾಬಿನ್‌ನ ಕೆತ್ತನೆಯ ಆಡಂಬರಕ್ಕೆ ದುಡ್ಡು ಕೊಡಲಾರೆ ಎಂದು ನಾವಿಕರ ಜೊತೆ ಕೆಳಗಿನ ಅಂಕಣದಲ್ಲೇ ಪ್ರಯಾಣ ಮಾಡಿದ. ಕುದುರೆಗಳನ್ನೂ ಓಡಿಸುವ ಹುಡುಗರನ್ನೂ ಹಿಂಸಿಸುತ್ತಾರೆ ಎಂದು ಸಾರೋಟು ಹತ್ತದೆ ಲಂಡನ್ನಿನಿಂದ ಉತ್ತರಕ್ಕೆ ನಡೆದೇ ಹೋದ. ದಾರಿಯಲ್ಲಿ ಕೂಲಿಯ ದರ, ಧಾನ್ಯದ ಬೆಲೆ ವಿಚಾರಿಸಿ ಬರೆದುಕೊಂಡ. ಕೂಲಿ ದಿನಕ್ಕೆ ಹತ್ತು ಪೆನ್ಸ್, ಗೋಧಿ ಬುಷೆಲ್‌ಗೆ ಸುಮಾರು ಎಂಟು ಶಿಲಿಂಗ್. ಅಂದರೆ ಸುಮಾರು 27 ಕಿಲೋ ಗೋಧಿಗೆ ಹತ್ತು ದಿನದ ಕೂಲಿ. ಸಾಯುವ ಮುಂಚಿನ ತಿಂಗಳುಗಳಲ್ಲಿ ಮಾಡಿದ ಟಿಪ್ಪಣಿ ಇದು. ಅಕ್ಟೋಬರ್ 7ರಂದು ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡ. ಅವನ ದಿನಚರಿ 1774ರಲ್ಲಿ ಅಚ್ಚಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಕ್ವೇಕರರು ಒಮ್ಮೆ ಎಚ್ಚತ್ತವರು ಮತ್ತೆ ಮಲಗಲಿಲ್ಲ ಎಂದುಕೊಳ್ಳಬೇಕಿಲ್ಲ. ಚಾಕೊಲೇಟಿಗೆ ಹೆಸರಾದ ಕ್ಯಾಡ್ಬರಿ ಕುಟುಂಬವೂ ಕ್ವೇಕರ್. ಕೆಲಸಗಾರರಿಗೆ ತೋಟವಿದ್ದ ಮನೆಗಳನ್ನು ಕಟ್ಟಿಕೊಟ್ಟವರು. ಅವರು ಕೊಳ್ಳುತ್ತಿದ್ದ ಕೋಕೋ, ಪೋರ್ಚುಗೀಸರ ಸಾವೊ ಟೋಮೆ ದ್ವೀಪದಲ್ಲಿ ಗುಲಾಮಗಿರಿಗೆ ಸಮನಾದ ದುಡಿಮೆಯಿಂದ ಬರುತ್ತಿದೆ ಎಂಬ ಸುದ್ದಿ 1901ರಲ್ಲೇ ತಲುಪಿತ್ತು. ವಿಚಾರಿಸಿದರು, ಜನರನ್ನು ಕಳಿಸಿ ವರದಿ ತರಿಸಿದರು, ಸರ್ಕಾರದೊಂದಿಗೆ ಮಾತಾಡಿದರು. ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ಇದನ್ನು ಟೀಕಿಸಿದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಜ್ಯೂರಿ ಕ್ಯಾಡ್ಬರಿಯ ಪರವಾಗಿಯೇ ತೀರ್ಪು ಕೊಟ್ಟಿತು. ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಒಳ್ಳೆಯವರ ಎಂಟು ವರ್ಷದ ತಡಕ್ಕೆ ಹನ್ನೆರಡು ಜನ ಕಟ್ಟಿದ ಬೆಲೆ ಅದು.

ಇನ್ನು ನನ್ನ ಮಾತು. ನಾನು ಆರ್ಟಿಕಲ್ಡ್ ಕ್ಲಾರ್ಕ್ ಆಗಿದ್ದಾಗ ಒಬ್ಬ ಕಟ್ಟಡ ಕಂಟ್ರಾಕ್ಟರರ ಲೆಕ್ಕ ನಮ್ಮ ಕಡೆಗಿತ್ತು. ಕೂಲಿಯವರು ಹೆಚ್ಚಿನವರು ಘಟ್ಟದ ಮೇಲಿನಿಂದ, ಬಯಲುಸೀಮೆಯಿಂದ ಬಂದವರು. ಇಲಾಖೆಯವರು ಮಸ್ಟರ್ ರೋಲ್ ಕೇಳಿದ್ದರು. ನನ್ನ ಮೇಜಿಗೆ ಬಂದ ಹಾಳೆಗಳಲ್ಲಿ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಹೆಬ್ಬೆಟ್ಟು ಒತ್ತಿಸಿ ಆಗಿತ್ತು. ಮೊತ್ತದ ಕಾಲಂ ಮಾತ್ರ ಖಾಲಿ. ಕಾನೂನಿನ ಕನಿಷ್ಠ ಕೂಲಿಗೆ ಹೊಂದುವ ಹಾಗೆ ಮೊತ್ತ ತುಂಬಿಸುವುದು ನನ್ನ ಕೆಲಸ. ನಿಜವಾಗಿ ಕೊಟ್ಟದ್ದು ಎಷ್ಟು ಎಂದು ಇನ್ನೊಂದು ಸಣ್ಣ ಪುಸ್ತಕದಲ್ಲಿತ್ತು. ನಾನು ತಡವರಿಸಿದ್ದನ್ನು ಕಂಡು ಸೀನಿಯರ್ ಹೇಳಿದರು: “ನೀನು ಬರೆಯುವುದು ಮಾತ್ರ ಮಾರಾಯ, ಸಹಿ ನಿನ್ನದಲ್ಲವಲ್ಲ.” ನಾನು ಬರೆದೆ. ಚೆಂದದ ಅಕ್ಷರ ಎಂದು ಹೊಗಳಿಸಿಕೊಂಡೆ ಕೂಡ. ಆ ಭಾನುವಾರ ಎಂದಿನಂತೆ ದೇವಾಲಯಕ್ಕೂ ಹೋದೆ.

ವುಲ್ಮನ್ ಬರೆದ ಮೇಲೆ ಒಂದು ಮಾತಾದರೂ ಆಡಿದ. ನಾನು ಅದನ್ನೂ ಆಡಲಿಲ್ಲ.

ಕೆಲವು ವರ್ಷಗಳ ಹಿಂದೆ, ಅವನ ಬಾಂಡಿನ ಭಾಗ ಓದಿದ ರಾತ್ರಿ, ನಾನೂ ಒಂದು ಕಾಗದ ತೆಗೆದುಕೊಂಡೆ. ದಿನಕ್ಕೆ ಇಷ್ಟು ವ್ಯತ್ಯಾಸ, ಇಷ್ಟು ಜನ, ಇಷ್ಟು ದಿನ. ಬಡ್ಡಿಯನ್ನೂ ಸೇರಿಸಿದೆ. ಮೊತ್ತ ಬಂತು, ನನ್ನಿಂದ ಕೊಡಲಾಗದ ಮೊತ್ತವೇನಲ್ಲ. ಆದರೆ ಯಾರಿಗೆ? ಹಾಳೆಯ ಮೇಲಿನ ಹೆಸರುಗಳಲ್ಲಿ ಒಂದೂ ನನಗೆ ನೆನಪಿಲ್ಲ. ತುಂಬಿದ ಅಂಕಿಗಳು ನೆನಪಿವೆ. ಸಾಲಗಾರ ಸಿದ್ಧನಿದ್ದಾನೆ, ಸಾಲ ಕೊಟ್ಟವರ ವಿಳಾಸವಿಲ್ಲ. ಆಗ ಒಂದು ವಿಷಯ ಗಮನಕ್ಕೆ ಬಂತು. ವುಲ್ಮನ್ ಆ ಹುಡುಗನಿಗಾಗಿ ಬಾಂಡ್ ಬರೆದ. ಮೊದಲ ಕ್ರಯಪತ್ರದ ಹೆಂಗಸಿಗಾಗಿ ಏನೂ ಬರೆಯಲಾಗಲಿಲ್ಲ. ದಿನಚರಿಯಲ್ಲಿ ಆಕೆಯ ಹೆಸರೂ ಇಲ್ಲ. ಕೊಂಡವನ ಹಿಂದೆ ಹೊರಟುಹೋದಳು, ಅಷ್ಟೆ. ಲೆಕ್ಕಕ್ಕೆ ಸಿಕ್ಕಿದ್ದನ್ನು ಅವನು ತೀರಿಸಿದ. ಸಿಗದೇ ಹೋದದ್ದನ್ನು ಮುಂದಿನ ಪ್ರತಿಯೊಂದು ಕಾಗದದ ಎದುರು ನೆನೆಸಿಕೊಂಡ.

ಈಗ ನನ್ನ ಕೆಲಸದಲ್ಲಿ ಶುಕ್ರವಾರ ಬಿಲ್ಲುಗಳ ಪಾವತಿ ನೋಡಬೇಕು. ದೊಡ್ಡ ಸಂಸ್ಥೆಗಳು ಬೇಗ ಕೇಳುತ್ತವೆ, ಜೋರಾಗಿ ಕೇಳುತ್ತವೆ. ಕಟ್ಟಡ ಗುಡಿಸುವವರ, ಸಣ್ಣ ರಿಪೇರಿಯವರ ಬಿಲ್ಲುಗಳನ್ನು ತೊಂಬತ್ತು ದಿನ ಎಳೆದರೂ ಕೇಳುವವರಿಲ್ಲ. ಎಳೆದರೆ ಕಂಪನಿಯ ಕೈಯಲ್ಲಿ ನಗದು ನಿಲ್ಲುತ್ತದೆ, ಅದು ಜಾಣತನ ಎನ್ನಿಸಿಕೊಳ್ಳುತ್ತದೆ. ನಾನು ಅವನ್ನು ಮೊದಲು ಕಳಿಸುತ್ತೇನೆ. ಯಾಕೆ ಎಂದು ಮೇಲಿನವರು ಎರಡು ಸಲ ಕೇಳಿದ್ದಾರೆ, ಎರಡು ಸಲವೂ ಉತ್ತರ ಕೊಟ್ಟಿದ್ದೇನೆ. ಇದನ್ನು ಪರಿಶುದ್ಧತೆ ಎಂದು ಕರೆಯುವ ಧೈರ್ಯ ನನಗಿಲ್ಲ. ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂದು ಬರೆದ ಅಧ್ಯಾಯದ ಎದುರು ತೊಂಬತ್ತು ದಿನವನ್ನು ಏಳಕ್ಕೆ ಇಳಿಸಿದ್ದು ದೊಡ್ಡ ಮಾತೇನಲ್ಲ. ಆ ರಾತ್ರಿ ಲೆಕ್ಕ ಹಾಕಿದ ಕಾಗದ ಇನ್ನೂ ನನ್ನ ಸತ್ಯವೇದದೊಳಗೆ ಇದೆ, ಯಾಜಕಕಾಂಡದ ಪುಟದಲ್ಲಿ. ಮೊತ್ತದ ಕೆಳಗೆ ಎರಡು ಗೆರೆ ಎಳೆದಿಲ್ಲ. ಲೆಕ್ಕ ಮುಗಿದಾಗ ಎಳೆಯುವ ಗೆರೆ ಅದು.